ಎರಡೂ ಗಂಡು ಗೊರಿಲ್ಲಾ ಯಾಕೆ? ಮೃಗಾಲಯದ ಮರಿ ಮತ್ತು ಮನೆಯ ಲೆಕ್ಕ

2021ರ ಆಗಸ್ಟ್‌ನಲ್ಲಿ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಜರ್ಮನಿಯಿಂದ ಎರಡು ಗೊರಿಲ್ಲಾಗಳು ಬಂದವು. ಥಾಬೋಗೆ ಆಗ 14 ವರ್ಷ, ಡೆಂಬಾಗೆ 8. ಪೋಲೊ ಎಂಬ ಒಂಟಿ ಗೊರಿಲ್ಲಾ 2014ರಲ್ಲಿ ಸತ್ತ ಮೇಲೆ ಮೈಸೂರಿನಲ್ಲಿ ಗೊರಿಲ್ಲಾ ಇರಲಿಲ್ಲ. ಹೊಸದಾಗಿ ಬಂದ ಎರಡೂ ಗಂಡು. ಹಾಗಾದರೆ ಮರಿ ಹೇಗೆ ಆಗುತ್ತದೆ ಎಂದು ಯಾರಾದರೂ ಕೇಳಿದರೆ ಉತ್ತರ ಸರಳ: ಆಗುವುದಿಲ್ಲ. ಆಗಬೇಕೆಂಬ ಉದ್ದೇಶವೂ ಅಲ್ಲಿಲ್ಲ.

ಗೊರಿಲ್ಲಾ ಸಂಸಾರದಲ್ಲಿ ಬೆಳ್ಳಿಬೆನ್ನಿನ ಒಂದು ಹಿರಿಯ ಗಂಡು, ಅದರ ಸುತ್ತ ಹಲವು ಹೆಣ್ಣು, ಮರಿಗಳು. ಹುಟ್ಟುವ ಮರಿಗಳಲ್ಲಿ ಮಾತ್ರ ಗಂಡು, ಹೆಣ್ಣು ಹೆಚ್ಚುಕಡಿಮೆ ಸಮ. ಅಂದರೆ ಪ್ರತಿ ಗುಂಪಿನಲ್ಲೂ ಬೆಳೆದು ನಿಂತ ಗಂಡುಗಳಿಗೆ ಜಾಗವಿಲ್ಲ. ಕಾಡಿನಲ್ಲಿ ಅವು ಗುಂಪು ಬಿಟ್ಟು ಹೊರಟುಹೋಗುತ್ತವೆ. ಮೃಗಾಲಯದಲ್ಲಿ ಹೊರಟು ಎಲ್ಲಿಗೆ ಹೋಗಬೇಕು? ಅದಕ್ಕೇ ಯುರೋಪಿನ ಮೃಗಾಲಯಗಳು ಎಳೆಯ ವಯಸ್ಸಿನ ಗಂಡುಗಳನ್ನೇ ಸೇರಿಸಿ ಪ್ರತ್ಯೇಕ ಗುಂಪು ಮಾಡುತ್ತವೆ. ಹೆಣ್ಣಿಲ್ಲದ ಕಡೆ ಜಗಳಕ್ಕೆ ದೊಡ್ಡ ಕಾರಣವೂ ಇರುವುದಿಲ್ಲ. ಮೈಸೂರಿಗೆ ಬಂದದ್ದು ಅಂಥದೊಂದು ಜೋಡಿ. ಇಲ್ಲಿ ಮರಿ ಹುಟ್ಟದಿದ್ದರೂ, ಇಲ್ಲಿ ಎರಡು ಗಂಡುಗಳಿಗೆ ಒಳ್ಳೆಯ ಮನೆ ಸಿಕ್ಕಿದ್ದರಿಂದ ಅಲ್ಲೊಂದು ಸಂಸಾರಕ್ಕೆ ಜಾಗ ಉಳಿಯುತ್ತದೆ.

ಮೃಗಾಲಯದ ಸುದ್ದಿಗಳನ್ನು ನಾವು ಓದುವ ರೀತಿ ಸಾಮಾನ್ಯವಾಗಿ ಹೀಗಿರುತ್ತದೆ: ಹುಲಿ ಮೂರು ಮರಿ ಹಾಕಿತು, ಜಿರಾಫೆ ಕರು ಹಾಕಿತು, ಹೊಸ ಆವರಣ ಉದ್ಘಾಟನೆಯಾಯಿತು. ಮರಿಯ ಸುದ್ದಿ ಬೇರೆ, ಕಟ್ಟಡದ ಸುದ್ದಿ ಬೇರೆ. ಆದರೆ ಒಳ್ಳೆಯ ಮೃಗಾಲಯದಲ್ಲಿ ಇವೆರಡೂ ಒಂದೇ ನಿರ್ಧಾರದ ಎರಡು ಮುಖ. ಯಾವ ಪ್ರಾಣಿ ಮರಿ ಹಾಕಬೇಕು, ಯಾವುದರ ಜೊತೆ, ಯಾವಾಗ, ಹುಟ್ಟಿದ ಮರಿ ದೊಡ್ಡದಾದ ಮೇಲೆ ಎಲ್ಲಿ ಬದುಕಬೇಕು ಎಂಬುದಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಗಂಡು ಹೆಣ್ಣಿನ ನಡುವಿನ ಬಾಗಿಲು ತೆರೆಯಬೇಕು.

ಮೊದಲು ರಕ್ತಸಂಬಂಧದ ವಿಷಯ. ಕಾಡಿನಲ್ಲಿ ಗಂಡು ಹುಲಿ ಹುಟ್ಟಿದ ಜಾಗ ಬಿಟ್ಟು ದೂರ ಹೋಗುತ್ತದೆ, ಅಲ್ಲೆಲ್ಲೋ ಸಂಬಂಧವಿಲ್ಲದ ಹೆಣ್ಣನ್ನು ಕೂಡುತ್ತದೆ. ಮೃಗಾಲಯದಲ್ಲಿ ಇರುವುದು ಬೆರಳೆಣಿಕೆಯ ಪ್ರಾಣಿಗಳು. ಹಾಗೇ ಬಿಟ್ಟರೆ ಎರಡು ಮೂರು ತಲೆಮಾರಿನಲ್ಲಿ ಎಲ್ಲವೂ ಅಣ್ಣ ತಂಗಿ, ಅಪ್ಪ ಮಗಳು. ಅದರ ಪರಿಣಾಮ ಎಷ್ಟು ಗಂಭೀರ ಎಂಬುದು ಬಹಳ ಕಾಲ ಮೃಗಾಲಯಗಳವರಿಗೇ ತಿಳಿದಿರಲಿಲ್ಲ. 1979ರಲ್ಲಿ ಅಮೆರಿಕದ ಕ್ಯಾಥರೀನ್ ರಾಲ್ಸ್ ಮತ್ತು ಸಹೋದ್ಯೋಗಿಗಳು ವಾಷಿಂಗ್ಟನ್‌ನ ರಾಷ್ಟ್ರೀಯ ಮೃಗಾಲಯದ ಹಳೆಯ ದಾಖಲೆಗಳನ್ನು ತೆಗೆದು, ಜಿಂಕೆ ಜಿರಾಫೆಗಳಂಥ 16 ಜಾತಿಯ ಗೊರಸಿನ ಪ್ರಾಣಿಗಳಲ್ಲಿ ಎಳೆಯ ಮರಿಗಳ ಸಾವನ್ನು ಲೆಕ್ಕ ಹಾಕಿದರು. 15 ಜಾತಿಗಳಲ್ಲಿ, ಹತ್ತಿರದ ಸಂಬಂಧಿಗಳಿಗೆ ಹುಟ್ಟಿದ ಮರಿಗಳು ಸಾಯುವ ಪ್ರಮಾಣ ಹೆಚ್ಚಿತ್ತು. ಅಲ್ಲಿಯವರೆಗೆ ಚಳಿ, ಜಂತು, ತಾಯಿಯ ಅಲಕ್ಷ್ಯ ಎಂದೆಲ್ಲ ಬರೆದಿಟ್ಟ ಎಷ್ಟೋ ಸಾವುಗಳ ಹಿಂದೆ ಈ ಕಾರಣವಿತ್ತು.

ನಮ್ಮ ದೇಶದಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆ ಇದೆ, ಮತ್ತು ಅದನ್ನು ನಾವು ಇನ್ನೂ ಬೆರಗಿನಿಂದ ನೋಡುತ್ತಿದ್ದೇವೆ. 1951ರಲ್ಲಿ ರೀವಾದ ಮಹಾರಾಜ ಮಾರ್ತಾಂಡ ಸಿಂಗ್ ಅವರಿಗೆ ಕಾಡಿನಲ್ಲಿ ಒಂದು ಬಿಳಿ ಹುಲಿಮರಿ ಸಿಕ್ಕಿತು. ಅದೇ ಮೋಹನ್. ದೊಡ್ಡದಾದ ಮೇಲೆ ಮಾಮೂಲಿ ಬಣ್ಣದ ಹೆಣ್ಣಿನೊಡನೆ ಬಿಟ್ಟರು. ಹುಟ್ಟಿದ ಮರಿಗಳೆಲ್ಲ ಮಾಮೂಲಿ ಬಣ್ಣದವು. ಆಮೇಲೆ ಮೋಹನನನ್ನು ಅದರದೇ ಮಗಳು ರಾಧಾಳೊಡನೆ ಬಿಟ್ಟರು. 1958ರಲ್ಲಿ ಬಿಳಿ ಮರಿಗಳು ಹುಟ್ಟಿದವು. ಬಿಳಿ ಬಣ್ಣಕ್ಕೆ ಕಾರಣ ಒಂದೇ ಜೀನ್‌ನಲ್ಲಿ ಆದ ಸಣ್ಣ ಬದಲಾವಣೆ ಎಂದು 2013ರಲ್ಲಿ ಚೀನಾದ ಸಂಶೋಧಕರು ತೋರಿಸಿದರು. ಅದು ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣಿಸುತ್ತದೆ. ಹಾಗಾಗಿ ಬಿಳಿ ಹುಲಿ ಬೇಕೆಂದರೆ ಸಂಬಂಧಿಗಳನ್ನೇ ಮತ್ತೆ ಮತ್ತೆ ಕೂಡಿಸಬೇಕಾಯಿತು. ಬಣ್ಣದ ಜೊತೆಗೆ ಮೆಳ್ಳೆಗಣ್ಣೂ ಬಂತು, ದೃಷ್ಟಿದೋಷವೂ ಬಂತು. ಬಿಳಿ ಹುಲಿ ಬೇರೆ ಜಾತಿಯಲ್ಲ, ಅಳಿವಿನಂಚಿನ ತಳಿಯೂ ಅಲ್ಲ. ಬಣ್ಣಕ್ಕೋಸ್ಕರ ಅದನ್ನು ಮರಿಮಾಡಿಸುವುದು ಸಂರಕ್ಷಣೆ ಅಲ್ಲವೇ ಅಲ್ಲ ಎಂದು ನಾನು ಖಚಿತವಾಗಿ ನಂಬುತ್ತೇನೆ. ಈಗ ಇರುವ ಬಿಳಿ ಹುಲಿಗಳನ್ನು ಪ್ರೀತಿಯಿಂದ ಸಾಕೋಣ, ಅವುಗಳ ತಪ್ಪೇನೂ ಇಲ್ಲ. ಹೊಸದಾಗಿ ಹುಟ್ಟಿಸುವ ಅಗತ್ಯ ಮಾತ್ರ ಇಲ್ಲ.

ಕಾಡಿನಲ್ಲೂ ಜಾಗ ಕಿರಿದಾದರೆ ಇದೇ ಆಗುತ್ತದೆ. ಒಡಿಶಾದ ಸಿಮಿಲಿಪಾಲ್‌ನಲ್ಲಿ ಪಟ್ಟೆ ದಪ್ಪಗಾಗಿ ಕಪ್ಪಾಗಿ ಕಾಣುವ ಹುಲಿಗಳು ಹೆಚ್ಚಿರುವುದಕ್ಕೆ ಅಲ್ಲಿನ ಹುಲಿಗಳು ಬೇರೆ ಕಾಡುಗಳಿಂದ ಕಡಿದುಹೋಗಿರುವುದೇ ಕಾರಣ ಎಂದು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ತೋರಿಸಿತು.

ರಕ್ತಸಂಬಂಧ ತಪ್ಪಿಸಲು ಬೇಕಾದದ್ದು ದಾಖಲೆ. ಇದಕ್ಕೆ ಸ್ಟಡ್‌ಬುಕ್ ಎನ್ನುತ್ತಾರೆ. ಒಂದು ಜಾತಿಯ ಪ್ರಾಣಿಗಳು ಯಾವ ಯಾವ ಮೃಗಾಲಯದಲ್ಲಿವೆ, ಪ್ರತಿಯೊಂದರ ಅಪ್ಪ ಯಾರು, ಅಮ್ಮ ಯಾರು, ಎಲ್ಲಿ ಹುಟ್ಟಿತು, ಎಲ್ಲಿಗೆ ಹೋಯಿತು, ಯಾವಾಗ ಸತ್ತಿತು, ಎಲ್ಲ ಅದರಲ್ಲಿರುತ್ತದೆ. ಕರ್ನಾಟಕದವರಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ಎತ್ತಿನ ಮೇಲೆ ಊರೂರಿಗೆ ಬಂದು, ಮನೆಯ ಮುಂದೆ ನಿಂತು ಆ ಮನೆತನದ ತಲೆಮಾರುಗಳನ್ನು ಒಂದೊಂದಾಗಿ ಹೇಳುವ ಹೆಳವರ ಕೆಲಸವನ್ನೇ ಸ್ಟಡ್‌ಬುಕ್ ಪಾಲಕರು ಪ್ರಾಣಿಗಳಿಗೆ ಮಾಡುತ್ತಾರೆ. ಹೀಗೆ ವಂಶಾವಳಿ ಬರೆದು ಉಳಿಸಿದ ಮೊದಲ ಕಾಡುಪ್ರಾಣಿ ಯುರೋಪಿನ ಬೈಸನ್ ಎಂಬ ಕಾಡುದನ, 1930ರ ದಶಕದಲ್ಲಿ. ಭಾರತದಲ್ಲಿ ಕೇಂದ್ರೀಯ ಮೃಗಾಲಯ ಪ್ರಾಧಿಕಾರವೂ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯೂ ಸೇರಿ ಹಲವು ಜಾತಿಗಳಿಗೆ ರಾಷ್ಟ್ರೀಯ ಸ್ಟಡ್‌ಬುಕ್ ಮಾಡಿವೆ.

ಇದರೊಳಗಿನ ಲೆಕ್ಕ ಸ್ವಲ್ಪ ಹೇಳುತ್ತೇನೆ, ಕಷ್ಟವೇನಿಲ್ಲ. ಕಾಡಿನಿಂದ ಬಂದು ಮೃಗಾಲಯದ ಸಂತತಿಗೆ ಮೂಲವಾದ ಪ್ರಾಣಿಗಳನ್ನು ಮೂಲಪ್ರಾಣಿಗಳು ಎನ್ನೋಣ. ಪರಸ್ಪರ ಸಂಬಂಧವಿಲ್ಲದ 20 ಮೂಲಪ್ರಾಣಿಗಳಿದ್ದರೆ ಕಾಡಿನಲ್ಲಿರುವ ಆನುವಂಶಿಕ ವೈವಿಧ್ಯದ ಶೇ 97.5ರಷ್ಟು ಅವುಗಳಲ್ಲೇ ಬಂದುಬಿಡುತ್ತದೆ. ಕೇಳಲು ಅಚ್ಚರಿ, ಆದರೆ ಆರಂಭಕ್ಕೆ ನೂರಾರು ಪ್ರಾಣಿ ಬೇಕಿಲ್ಲ. ಕಷ್ಟ ಬರುವುದು ಆಮೇಲೆ. ಪ್ರತಿ ತಲೆಮಾರಿನಲ್ಲೂ ಮರಿ ಹಾಕುವ ಪ್ರಾಣಿಗಳ ಪರಿಣಾಮಕಾರಿ ಸಂಖ್ಯೆ (ಅಂದರೆ ತಮ್ಮ ಜೀನುಗಳನ್ನು ನಿಜಕ್ಕೂ ಮುಂದಿನ ತಲೆಮಾರಿಗೆ ದಾಟಿಸುವವುಗಳ ಲೆಕ್ಕ) ಹತ್ತೇ ಆದರೆ, ಪ್ರತಿ ಸಲ ಶೇ 5ರಷ್ಟು ವೈವಿಧ್ಯ ಕಳೆದುಹೋಗುತ್ತದೆ. ಹತ್ತು ತಲೆಮಾರಿಗೆ ಸುಮಾರು ಶೇ 40 ಖಾಲಿ. ಮೃಗಾಲಯಗಳು ಜಗತ್ತಿನಾದ್ಯಂತ ಇಟ್ಟುಕೊಂಡಿರುವ ಗುರಿ, ನೂರು ವರ್ಷದ ಕೊನೆಗೂ ಶೇ 90 ಉಳಿಯಬೇಕು ಎಂಬುದು. ಹಾಗಾಗಿ ಯಾವ ಪ್ರಾಣಿಗೆ ಈಗಾಗಲೇ ಮಕ್ಕಳು ಮೊಮ್ಮಕ್ಕಳು ತುಂಬ ಇದ್ದಾರೋ ಅದನ್ನು ನಿಲ್ಲಿಸಿ, ಸಂಬಂಧಿಕರೇ ಇಲ್ಲದ ಒಂಟಿ ಪ್ರಾಣಿಗೆ ಮೊದಲ ಅವಕಾಶ ಕೊಡುತ್ತಾರೆ. ನೋಡಲು ಸುಂದರವಾದ, ವರ್ಷ ವರ್ಷವೂ ಮರಿ ಹಾಕುವ ಜೋಡಿಯನ್ನು ಬೇರೆ ಮಾಡಿ, ಮೂಲೆಯಲ್ಲಿ ಮುದುರಿ ಕೂತಿರುವ ಸಂಕೋಚದ ಹೆಣ್ಣಿಗೆ ಸಂಗಾತಿ ಹುಡುಕುವುದು ಇದೇ ಕಾರಣಕ್ಕೆ.

ದಾಖಲೆ ತಪ್ಪಿದರೆ ಏನಾಗುತ್ತದೆ? ಅಮೆರಿಕದ ಮೃಗಾಲಯಗಳು ಏಷ್ಯಾದ ಸಿಂಹ ಎಂದುಕೊಂಡು ಅಚ್ಚುಕಟ್ಟಾಗಿ ಬೆಳೆಸಿದ ಸಂತತಿಯ ಮೂಲ ಐದು ಪ್ರಾಣಿಗಳು. 1980ರ ದಶಕದಲ್ಲಿ ಆನುವಂಶಿಕ ಪರೀಕ್ಷೆ ಮಾಡಿದಾಗ ಆ ಐದರಲ್ಲಿ ಎರಡು ಶುದ್ಧ ಏಷ್ಯಾದವಲ್ಲ ಎಂದು ಗೊತ್ತಾಯಿತು. ಇಡೀ ಕಾರ್ಯಕ್ರಮವೇ ಕುಸಿಯಿತು. ನಮ್ಮಲ್ಲೂ ಚಂಡೀಗಢದ ಬಳಿಯ ಛತ್‌ಬೀರ್ ಮೃಗಾಲಯದಲ್ಲಿ ಆಫ್ರಿಕಾ ಮತ್ತು ಗಿರ್ ಸಿಂಹಗಳ ಮಿಶ್ರತಳಿ ಬೆಳೆದು, ಕೊನೆಗೆ ಅವುಗಳ ಸಂತಾನವನ್ನೇ ನಿಲ್ಲಿಸಬೇಕಾಯಿತು. ಬೇರೆ ಬೇರೆ ಜಾತಿ, ಉಪಜಾತಿಗಳನ್ನು ಬೆರೆಸಬಾರದು ಎಂಬುದು ಈಗ ನಿಯಮ.

ಇನ್ನು ಹೆಚ್ಚುವರಿ ಪ್ರಾಣಿಗಳು. ಇದರ ಬಗ್ಗೆ ಮಾತಾಡಲು ಯಾರಿಗೂ ಇಷ್ಟವಿರುವುದಿಲ್ಲ. 2014ರ ಫೆಬ್ರವರಿಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಮೃಗಾಲಯ ಮಾರಿಯಸ್ ಎಂಬ ಆರೋಗ್ಯವಂತ ಎಳೆಯ ಗಂಡು ಜಿರಾಫೆಯನ್ನು ಕೊಂದು ಸಿಂಹಗಳಿಗೆ ಹಾಕಿತು. ಕೊಟ್ಟ ಕಾರಣ: ಅದರ ಜೀನುಗಳು ಸಂತತಿಯಲ್ಲಿ ಈಗಾಗಲೇ ಬೇಕಾದಷ್ಟಿವೆ. ಜಗತ್ತೇ ಬೆಚ್ಚಿತು. ಆದರೆ ಆ ಮೃಗಾಲಯ ಬಚ್ಚಿಡಲಿಲ್ಲ, ವಾದ ಮುಂದಿಟ್ಟಿತು: ಪ್ರಾಣಿ ಸಂಸಾರ ಮಾಡಲಿ, ಮರಿ ಬೆಳೆಸಲಿ, ಅದು ಅದರ ಸಹಜ ಬದುಕು, ಹೆಚ್ಚಾದದ್ದನ್ನು ಕೊನೆಗೆ ನೋವಿಲ್ಲದೆ ತೆಗೆಯುತ್ತೇವೆ. ನಮ್ಮ ದೇಶದ ಮನಸ್ಸು ಅದನ್ನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಒಪ್ಪದಿದ್ದರೆ ಅದಕ್ಕೊಂದು ಬೆಲೆ ಇದೆ ಎಂಬುದನ್ನು ಮಾತ್ರ ಮರೆಯಬಾರದು. ಕೊಲ್ಲುವುದಿಲ್ಲ ಎಂದಾದರೆ ಹುಟ್ಟುವ ಮೊದಲೇ ತಡೆಯಬೇಕು. ಅದಕ್ಕೇ ಭಾರತದ ಮೃಗಾಲಯ ನಿಯಮಗಳು ಗಂಡು ಹೆಣ್ಣನ್ನು ಬೇರೆ ಇಡುವುದು, ಸಂತಾನಹರಣ ಶಸ್ತ್ರಚಿಕಿತ್ಸೆ, ಚರ್ಮದಡಿ ಇಡುವ ಹಾರ್ಮೋನು ಗುಳಿಗೆ ಇವುಗಳನ್ನೆಲ್ಲ ಹೆಸರಿಸಿ ಹೇಳುತ್ತವೆ. ಚುಕ್ಕೆ ಜಿಂಕೆಯಂಥ ಪ್ರಾಣಿಗಳನ್ನು ಹೀಗೆ ತಡೆಯದಿದ್ದರೆ ಆವರಣ ಕೆಲವೇ ವರ್ಷದಲ್ಲಿ ಕಿಕ್ಕಿರಿಯುತ್ತದೆ; ಹುಲ್ಲು ನಿಲ್ಲುವುದಿಲ್ಲ, ಜಂತು ಹೆಚ್ಚುತ್ತದೆ, ಗಂಡುಗಳು ಕೊಂಬಿನಿಂದ ಇರಿದುಕೊಂಡು ಸಾಯುತ್ತವೆ.

ಇನ್ನೊಂದು ದಾರಿ ವಿನಿಮಯ. ಮಾನ್ಯತೆ ಪಡೆದ ಮೃಗಾಲಯಗಳ ನಡುವೆ, ಪ್ರಾಧಿಕಾರದ ಅನುಮತಿ ಪಡೆದು ಪ್ರಾಣಿಗಳನ್ನು ಬದಲಿಸಿಕೊಳ್ಳುತ್ತಾರೆ. ಮೈಸೂರಿನಲ್ಲಿ ಜಿರಾಫೆ ಚೆನ್ನಾಗಿ ಮರಿ ಮಾಡುತ್ತದೆ. ಇಲ್ಲಿ ಹುಟ್ಟಿದವು ಬನ್ನೇರುಘಟ್ಟಕ್ಕೂ ಹೋಗಿವೆ. 2025ರ ಜುಲೈನಲ್ಲಿ ಬನ್ನೇರುಘಟ್ಟದ ನಾಲ್ಕು ಆನೆಗಳು ಜಪಾನಿನ ಹಿಮೇಜಿ ಸೆಂಟ್ರಲ್ ಪಾರ್ಕಿಗೆ ವಿಮಾನದಲ್ಲಿ ಹೋದದ್ದೂ ವಿನಿಮಯವೇ. ವಿನಿಮಯದ ಮೊದಲ ಕಾರಣ ರಕ್ತ ಬದಲಾಗುವುದಾಗಬೇಕು, ಹೊಸ ಪ್ರಾಣಿ ಬಂದರೆ ಟಿಕೆಟ್ ಹೆಚ್ಚು ಹೋಗುತ್ತದೆ ಎಂಬುದು ಆಮೇಲೆ ಬರಲಿ.

ಈಗ ಮನೆಯ ವಿಷಯಕ್ಕೆ ಬರೋಣ, ಏಕೆಂದರೆ ಕಾಗದದಲ್ಲಿ ಎಷ್ಟೇ ಚೆಂದದ ಜೋಡಿ ಮಾಡಿದರೂ ಪ್ರಾಣಿ ಒಪ್ಪಬೇಕಲ್ಲ.

ಮೈಸೂರು ಮೃಗಾಲಯ ಶುರುವಾದದ್ದು 1892ರಲ್ಲಿ, ಅರಮನೆಯ ಖಾಸಗಿ ಸಂಗ್ರಹವಾಗಿ. ಆ ಕಾಲದ ಜಗತ್ತಿನ ಮೃಗಾಲಯಗಳೆಲ್ಲ ಕಬ್ಬಿಣದ ಸರಳು, ಸಿಮೆಂಟು ನೆಲ. ನೋಡುವವರಿಗೆ ಪ್ರಾಣಿ ಚೆನ್ನಾಗಿ ಕಾಣಬೇಕು, ತೊಳೆಯಲು ಸುಲಭವಾಗಬೇಕು, ಅಷ್ಟೇ. 1907ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಬಳಿ ಕಾರ್ಲ್ ಹಾಗೆನ್‌ಬೆಕ್ ಸರಳುಗಳನ್ನು ತೆಗೆದು ಕಂದಕ ತೋಡಿದ. ಸಿಂಹ ಎಷ್ಟು ಅಗಲ ಜಿಗಿಯಬಲ್ಲದು, ಎಷ್ಟು ಎತ್ತರ ಹಾರಬಲ್ಲದು ಎಂದು ಅಳೆದು, ಅದಕ್ಕಿಂತ ಅಗಲದ ಹಳ್ಳ. ಮೈಸೂರು ಇದೇ ದಾರಿಯಲ್ಲಿ ಬೆಳೆದು, ಮರಗಳ ನಡುವಿನ ಕಂದಕದ ಆವರಣಗಳಿಗೆ ಹೆಸರಾಯಿತು. ಈಗ ಕನಿಷ್ಠ ಅಳತೆಗಳನ್ನು ನಿಯಮವೇ ಹೇಳುತ್ತದೆ: ಒಂದು ಜೋಡಿ ಹುಲಿಗೆ ಹೊರಗಿನ ಬಯಲು 1000 ಚದರ ಮೀಟರ್, ಚಿರತೆಗೆ 500.

ಆದರೆ ಚದರ ಮೀಟರ್ ಅರ್ಧ ಸತ್ಯ. ಹೊಸ ಆವರಣ ಮರಿಗೆ ಯೋಗ್ಯವೋ ಅಲ್ಲವೋ ಎಂದು ತೀರ್ಮಾನವಾಗುವುದು ನಮಗೆ ಕಾಣದ ಹಿಂಬದಿಯಲ್ಲಿ. ಅಲ್ಲಿ ರಾತ್ರಿ ಕೋಣೆಗಳಿರುತ್ತವೆ, ಪಕ್ಕಪಕ್ಕದಲ್ಲಿ, ನಡುವೆ ಜಾಲರಿಯ ಬಾಗಿಲು. ಹೊಸ ಹೆಣ್ಣು ಬಂದಾಗ ನೇರವಾಗಿ ಗಂಡಿನ ಜೊತೆ ಬಿಡುವುದಿಲ್ಲ. ಹುಲಿ ಚಿರತೆಗಳಲ್ಲಿ ಹಾಗೆ ಬಿಟ್ಟರೆ ಒಂದು ಸತ್ತೇ ಹೋಗಬಹುದು. ಮೊದಲು ಒಂದರ ಹುಲ್ಲುಹಾಸನ್ನು ಇನ್ನೊಂದರ ಕೋಣೆಗೆ ಹಾಕಿ ವಾಸನೆ ಪರಿಚಯ. ಆಮೇಲೆ ಜಾಲರಿಯಾಚೆಯ ನೋಟ. ಗುರುಗುಟ್ಟುವುದು ನಿಂತು, ಹೆಣ್ಣು ಜಾಲರಿಗೆ ಮೈ ಉಜ್ಜಲು ಶುರುಮಾಡಿದರೆ ಪ್ರಾಣಿಪಾಲಕರಿಗೆ ಗೊತ್ತಾಗುತ್ತದೆ. ಹೊರಗೆ ಬಿಟ್ಟಾಗಲೂ ಹೆಣ್ಣು ಓಡಿ ಮರೆಯಾಗಲು ಬಂಡೆ, ಪೊದೆ, ಎರಡು ದಾರಿ ಇರಬೇಕು. ಒಂದೇ ಮೂಲೆಗೆ ಸಿಕ್ಕಿಬೀಳುವ ಆವರಣ ಅಪಾಯದ್ದು.

ಹೆರಿಗೆಯ ಕೋಣೆ ಇನ್ನೂ ಸೂಕ್ಷ್ಮ. ಹುಲಿ ಸುಮಾರು ಮೂರೂವರೆ ತಿಂಗಳು ಹೊತ್ತು ಹೆರುತ್ತದೆ. ಆ ಹೊತ್ತಿಗೆ ಅದಕ್ಕೆ ಬೇಕಾದದ್ದು ಕತ್ತಲೆ, ಇಕ್ಕಟ್ಟಾದ ಜಾಗ, ನೆಲಕ್ಕೆ ಹುಲ್ಲು, ಪರಿಚಯದ ಒಬ್ಬರೇ ಪಾಲಕರು. ಗದ್ದಲವಾದರೆ, ಅಪರಿಚಿತ ವಾಸನೆ ಬಂದರೆ ತಾಯಿ ಮರಿಯನ್ನು ಕಚ್ಚಿಕೊಂಡು ಅತ್ತಿಂದಿತ್ತ ಓಡಾಡುತ್ತದೆ, ಕೆಲವೊಮ್ಮೆ ಕೊಂದೂಬಿಡುತ್ತದೆ. ಅದಕ್ಕೇ ಒಳಗೆ ಸಿಸಿಟಿವಿ ಕ್ಯಾಮೆರಾ ಇಟ್ಟು ದೂರದಿಂದ ನೋಡುತ್ತಾರೆ, ಮರಿಗಳನ್ನು ತಿಂಗಳುಗಟ್ಟಲೆ ಜನರಿಗೆ ತೋರಿಸುವುದಿಲ್ಲ. ಜಿರಾಫೆಗೆ ಬೇರೆಯದೇ ಲೆಕ್ಕ. ಹದಿನೈದು ತಿಂಗಳ ಬಸಿರು, ನಿಂತುಕೊಂಡೇ ಹೆರಿಗೆ. ಆಳೆತ್ತರದಿಂದ ಬೀಳುವ ಕರು ಜಾರದೆ ಎದ್ದು ನಿಲ್ಲಲು ನೆಲಕ್ಕೆ ಮರಳು ಬೇಕು, ನುಣುಪಾದ ಟೈಲ್ಸ್ ಹಾಕಿದರೆ ಕಾಲು ಸೀಳುತ್ತದೆ.

ಸೀಳುನಾಯಿಗೆ ಬಿಲ ತೋಡಲು ಮಣ್ಣಿನ ದಿಬ್ಬ ಬೇಕು. ಗುಂಪಿನಲ್ಲಿ ಸಾಮಾನ್ಯವಾಗಿ ಮುಖ್ಯ ಜೋಡಿ ಮಾತ್ರ ಮರಿ ಹಾಕುತ್ತದೆ, ಉಳಿದವು ಮಾಂಸ ಕಕ್ಕಿ ಮರಿಗಳಿಗೆ ಉಣಿಸುತ್ತವೆ. ಹಾಗಾಗಿ ಒಂದು ಗಂಡು ಒಂದು ಹೆಣ್ಣು ತಂದಿಟ್ಟರೆ ಸಾಲದು, ಇಡೀ ಗುಂಪನ್ನೇ ಇಡಬೇಕು. ಮಂಗಳೂರಿನ ಪಿಲಿಕುಳದಲ್ಲಿ ಕಾಳಿಂಗ ಸರ್ಪಕ್ಕೆ ಮರಿ ಮಾಡಿಸಿದ್ದಾರೆ. ಅದರ ಕಷ್ಟ ಎಂಥದು ನೋಡಿ: ಹಾವನ್ನೇ ತಿನ್ನುವ ಹಾವು ಅದು, ಹೊತ್ತಲ್ಲದ ಹೊತ್ತಿನಲ್ಲಿ ಜೊತೆ ಬಿಟ್ಟರೆ ಸಂಗಾತಿಯೇ ಆಹಾರವಾಗಬಹುದು. ಜೊತೆಗೆ, ಒಣ ಎಲೆಗಳನ್ನು ಮೈಯಿಂದ ಗುಡ್ಡೆಮಾಡಿ ಗೂಡು ಕಟ್ಟುವ ಹಾವು ಅದೊಂದೇ. ಗುಡಿಸಿ ಚೊಕ್ಕಟ ಮಾಡಿದ ಆವರಣದಲ್ಲಿ ಅದಕ್ಕೆ ಗೂಡಿಗೆ ಸಾಮಾನೇ ಇಲ್ಲ. ತರಗೆಲೆ ಬಿದ್ದಿರುವ ಆವರಣ ಕಂಡಾಗ ನಿರ್ವಹಣೆ ಸರಿಯಿಲ್ಲ ಎಂದು ದೂರುವ ಮೊದಲು ಇದನ್ನು ನೆನೆಯಬೇಕು.

ಎಲ್ಲ ಆವರಣಗಳೂ ನಮಗಾಗಿ ಅಲ್ಲ. ಮೈಸೂರು ಹೊರವಲಯದ ಕೂರ್ಗಳ್ಳಿಯಲ್ಲಿ ಮೃಗಾಲಯದ್ದೇ ಇನ್ನೊಂದು ಕೇಂದ್ರವಿದೆ, ಪ್ರವಾಸಿಗರಿಗೆ ಪ್ರವೇಶವಿಲ್ಲ. ನಾಗರಹೊಳೆ, ಬಂಡೀಪುರದ ಅಂಚಿನ ಊರುಗಳಲ್ಲಿ ಹಿಡಿದ ಹುಲಿ, ಚಿರತೆಗಳು ಅಲ್ಲಿ ಉಳಿಯುತ್ತವೆ. ಕಾಟಿಯ ಸಂತಾನ ಕೇಂದ್ರವೂ ಅಲ್ಲೇ. ಮರಿ ಹಾಕಬೇಕಾದ ಪ್ರಾಣಿಗೆ ಜನರಿಂದ ದೂರವಿರುವುದು ಒಂದು ಸೌಲಭ್ಯ. ಮುಂದೊಂದು ದಿನ ಕಾಡಿಗೆ ಬಿಡಬೇಕೆಂದಿದ್ದರಂತೂ ಅದು ಮನುಷ್ಯರಿಗೆ ಹೆದರುವುದನ್ನು ಮರೆಯಲೇಬಾರದು.

ಕಾಡಿಗೆ ಬಿಡುವುದು ನಿಜಕ್ಕೂ ನಡೆಯುತ್ತದೆಯೇ? ನಡೆಯುತ್ತದೆ, ಆದರೆ ಬಹಳ ಕಡಿಮೆ ಜಾತಿಗಳಲ್ಲಿ. ಅಸ್ಸಾಮಿನಲ್ಲಿ 1996ರಲ್ಲಿ ಮಾನಸ್ ಕಾಡಿನಿಂದ ಹಿಡಿದ ಆರೇ ಆರು ಕುಬ್ಜ ಹಂದಿಗಳಿಂದ ಶುರುಮಾಡಿ, 2008ರಿಂದ ಹುಲ್ಲುಗಾವಲುಗಳಿಗೆ ಬಿಡುತ್ತ ಬಂದಿದ್ದಾರೆ. ಡಾರ್ಜಿಲಿಂಗ್‌ನ ಪದ್ಮಜಾ ನಾಯ್ಡು ಮೃಗಾಲಯ 2003ರಲ್ಲಿ ಎರಡು ಹೆಣ್ಣು ಕೆಂಪು ಪಾಂಡಾಗಳನ್ನು ಸಿಂಗಲೀಲಾ ಕಾಡಿಗೆ ಬಿಟ್ಟಿತು, ಅದರಲ್ಲೊಂದು ಕಾಡಿನಲ್ಲೇ ಮರಿ ಹಾಕಿತು. ಹರಿಯಾಣದ ಪಿಂಜೋರ್‌ನಲ್ಲಿ ರಣಹದ್ದುಗಳನ್ನು ಬೆಳೆಸಿದ್ದಾರೆ. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿ. ಆದರೆ ಅವು ಸಾಯುತ್ತಿದ್ದದ್ದು ದನಗಳಿಗೆ ಕೊಟ್ಟ ಡಿಕ್ಲೋಫೆನಾಕ್ ಎಂಬ ನೋವಿನ ಔಷಧಿಯಿಂದ. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸದೇ ಇದ್ದಿದ್ದರೆ ಪಿಂಜೋರಿನ ಮರಿಗಳಿಗೆ ಹಾರಿಹೋಗಲು ಆಕಾಶವೇ ಇರುತ್ತಿರಲಿಲ್ಲ. ನಮ್ಮ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಧಾಮವಾಯಿತು; ಅಲ್ಲಿ ಉಳಿದಿರುವ ಕೆಲವೇ ಹಕ್ಕಿಗಳಿಗೂ ಬೇಕಾಗಿರುವುದು ವಿಷವಿಲ್ಲದ ಆಹಾರ.

ಕಾಟಿಯ ಕಥೆ ಇನ್ನೂ ಕುತೂಹಲದ್ದು. ಮಧ್ಯಪ್ರದೇಶದ ಬಾಂಧವಗಢದಲ್ಲಿ 1990ರ ದಶಕದಲ್ಲಿ ಕಾಟಿಗಳು ಪೂರ್ತಿ ಕಾಣೆಯಾದವು. 2011ರಿಂದ ಎರಡು ಕಂತಿನಲ್ಲಿ 50 ಕಾಟಿಗಳನ್ನು ತಂದು ಬಿಟ್ಟರು, ಅಲ್ಲಿ ಈಗ ಅವು ಮತ್ತೆ ಬೆಳೆದಿವೆ. ಅವು ಯಾವ ಮೃಗಾಲಯದವೂ ಅಲ್ಲ, ಕಾನ್ಹಾ ಕಾಡಿನಿಂದ ನೇರವಾಗಿ ಬಂದವು. ಕಾಡಿನಲ್ಲಿ ಸಾಕಷ್ಟು ಪ್ರಾಣಿ ಇರುವಾಗ ಅಲ್ಲಿಂದಲೇ ತರುವುದು ಉತ್ತಮ. ಅವಕ್ಕೆ ಹುಲಿಯ ಭಯ ಗೊತ್ತು, ಮೇವು ಗೊತ್ತು. ಹಾಗಾದರೆ ಕೂರ್ಗಳ್ಳಿಯಲ್ಲಿ ಕಾಟಿ ಸಾಕುವುದೇಕೆ? 1968ರಲ್ಲಿ ಬಂಡೀಪುರ, ಮುದುಮಲೆಯ ಕಾಡುಗಳಿಗೆ ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ನುಗ್ಗಿ ಕಾಟಿಗಳು ರಾಶಿ ರಾಶಿ ಸತ್ತವು. ಆ ರೋಗ 2011ರಲ್ಲಿ ಇಡೀ ಜಗತ್ತಿನಿಂದಲೇ ನಿರ್ಮೂಲವಾಗಿದೆ, ಆದರೆ ಕಾಡಂಚಿನ ದನಗಳಲ್ಲಿ ಕಾಲುಬಾಯಿ ಜ್ವರ ಈಗಲೂ ಇದೆ, ಕಾಟಿಗೂ ದನಕ್ಕೂ ನೀರು ಕುಡಿಯುವ ಕೆರೆ ಎಷ್ಟೋ ಕಡೆ ಒಂದೇ. ಅಂಥ ರೋಗ ಮತ್ತೊಮ್ಮೆ ಒಂದು ಕಾಡನ್ನು ಖಾಲಿ ಮಾಡಿದರೆ, ಬೇಲಿಯ ಒಳಗೆ ಬೇರೆಯಾಗಿ ಬೆಳೆದ, ವಂಶಾವಳಿ ಬರೆದಿಟ್ಟ, ರೋಗವಿಲ್ಲದ ಒಂದು ಹಿಂಡು ಬೇಕಾಗುತ್ತದೆ.